ಚಿನ್ನದ ಪಟ್ಟಣ, ಮದ್ದಿನ ಎಲೆ: ‘ಶಿಖರ ಸೂರ್ಯ’ದ ಒಂದು ದೈವಶಾಸ್ತ್ರೀಯ ಓದು

ಚಂದ್ರಶೇಖರ ಕಂಬಾರರ ‘ಶಿಖರ ಸೂರ್ಯ’ವನ್ನು ಒಂಟಿ ಕಾದಂಬರಿಯಾಗಿ ಓದಬಹುದು, ಆದರೆ ಹಾಗೆ ಓದಿದವರಿಗೆ ಅದರ ಅರ್ಧ ಮಾತ್ರ ದಕ್ಕೀತು. ಶಿವಾಪುರವೆಂಬ ಕಲ್ಪಿತ ಊರಿನ ಸುತ್ತ ದಶಕಗಳ ಕಾಲ ಬೆಳೆಯುತ್ತ ಬಂದ ಕಥಾಮಾಲೆಯಲ್ಲಿ ಅದು ತಡವಾಗಿ ಬಂದ ಸಂಪುಟ. ‘ಕರಿಮಾಯಿ’ (1975), ‘ಸಿಂಗಾರೆವ್ವ ಮತ್ತು ಅರಮನೆ’ (1982) ಎಂಬ ಕಾದಂಬರಿಗಳೂ ‘ಚಕೋರಿ’ (1996) ಎಂಬ ಮಹಾಕಾವ್ಯವೂ ಅದಕ್ಕಿಂತ ಮೊದಲು ಬಂದವು. ದೈವಗಳು, ಮಂತ್ರ-ಮದ್ದುಗಳು, ರಾಜ್ಯಗಳ ಏಳುಬೀಳುಗಳು ತುಂಬಿರುವ ಈ ಬೃಹತ್ ಕೃತಿಯನ್ನು ಇಂದಿನ ಓದುಗರು ‘ಫ್ಯಾಂಟಸಿ’ ಎಂಬ ಮಾತಿನಿಂದ ಗುರುತಿಸಿದರೆ ತಪ್ಪಾಗದು. ಆದರೆ ಇದರ ಅದ್ಭುತವು ಎರವಲು ತಂದದ್ದಲ್ಲ. ಅದು ನಮ್ಮ ನೆಲದ ಲಾವಣಿ, ಪುರಾಣ, ಬಯಲಾಟಗಳ ಒಳಗಿನಿಂದ ಮೂಡಿದ್ದು.

ದೇವಿಯ ಆರಾಧನೆಯ ಲೋಕದಲ್ಲಿ ನೆಲೆಗೊಂಡ ಇಂಥ ಕಥೆಯನ್ನು ಕ್ರೈಸ್ತ ದೈವಶಾಸ್ತ್ರದ ಪತ್ರಿಕೆಯಲ್ಲಿ ಚರ್ಚಿಸುವುದೇಕೆ ಎಂಬ ಪ್ರಶ್ನೆ ಸಹಜ. ಪೌಲನು ಅಥೇನೆಯಲ್ಲಿ ಊರಿನ ಪೂಜಾಸ್ಥಾನಗಳನ್ನು ಗಮನವಿಟ್ಟು ನೋಡಿದನು, ಅಲ್ಲಿಯ ಕವಿಗಳ ಮಾತನ್ನು ನೆನೆದನು, ಆಮೇಲೆ ತಾನು ಸಾರಬೇಕಾದುದನ್ನು ಸಾರಿದನು (ಅಪೊಸ್ತಲರ ಕೃತ್ಯಗಳು 17). ನಾವು ಅನುಸರಿಸಲು ಬಯಸುವುದೂ ಅದೇ ಕ್ರಮವನ್ನು. ಮೊದಲು ಕೃತಿ ಏನು ಹೇಳುತ್ತದೆಂದು ಕೇಳಬೇಕು. ಬಳಿಕ ಸುವಾರ್ತೆಯ ಬೆಳಕಿನಲ್ಲಿ ಅದರೊಡನೆ ಮಾತಾಡಬೇಕು.

ನಮ್ಮ ವಾದವನ್ನು ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು. ‘ಶಿಖರ ಸೂರ್ಯ’ವು ಗುಣಪಡಿಸುವ ವಿದ್ಯೆಯನ್ನು ಕುರಿತ ಕಥೆ. ದಾನವಾಗಿ ಬಂದ ವಿದ್ಯೆಯನ್ನು ಒಬ್ಬನು ತನ್ನ ಸ್ವತ್ತೆಂದು ಹಿಡಿದುಕೊಂಡಾಗ ಅದು ಸಿಂಹಾಸನಕ್ಕೆ ಮೆಟ್ಟಿಲಾಗುತ್ತದೆ. ಹಾಗೆ ಮಾಡುವವನು ಹೊರಗಿನ ವೈರಿಯಾಗಿರದೆ ಮನೆಯ ಮಗನೇ ಆಗಿರುತ್ತಾನೆ. ಈ ಎರಡು ಮಾತುಗಳನ್ನು ಸಭೆಯು ವಿಧೇಯತೆಯಿಂದ ಕೇಳಿಸಿಕೊಳ್ಳಬೇಕು. ಆದರೆ ಕೃತಿಯ ಒಲವು ಯಾವ ಊರಿನ ಕಡೆಗಿದೆಯೋ ಆ ಊರಿನಲ್ಲಿ ನಮ್ಮ ನಿರೀಕ್ಷೆ ಕೊನೆಗೊಳ್ಳಲಾರದು. ಅದಕ್ಕೆ ಕಾರಣವನ್ನೂ ಹೇಳುವೆವು.

ಘೋಡಗೇರಿಯಿಂದ ಶಿವಾಪುರಕ್ಕೆ

ಕಂಬಾರರು 1937ರ ಜನವರಿ 2ರಂದು ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ, ಘಟಪ್ರಭೆಯ ದಂಡೆಯಲ್ಲಿ ಹುಟ್ಟಿದರು. ಬಡತನದ ದೆಸೆಯಿಂದ ನಿಂತುಹೋಗಿದ್ದ ಅವರ ಶಾಲೆಯ ಓದು ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳ ನೆರವಿನಿಂದ ಮುಂದುವರಿಯಿತು. ಪ್ರೌಢಶಾಲೆಯ ಓದು ಗೋಕಾಕದಲ್ಲಿ ನಡೆಯಿತು. ಮುಂದೆ ಬೆಳಗಾವಿಯ ಲಿಂಗರಾಜ ಕಾಲೇಜು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಸಂಶೋಧನೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯ ಹೊಣೆ, 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಇವೆಲ್ಲ ಬಂದವು. ಈ ವಿವರಗಳು ಪರಿಚಿತವೇ. ನಮ್ಮ ಚರ್ಚೆಗೆ ಇವುಗಳಲ್ಲಿ ಒಂದು ಮುಖ್ಯ: ಈ ಲೇಖಕರ ಪಾಲಿಗೆ ವಿದ್ಯೆಯು ಮೊದಲು ಕೊಂಡದ್ದಾಗಿರಲಿಲ್ಲ, ಪಡೆದದ್ದಾಗಿತ್ತು. ವಿದ್ಯೆ ಎಂದರೆ ದಾನ ಎಂಬ ಅರಿವು ಅವರ ಕಥಾಲೋಕದಲ್ಲಿ ಅಷ್ಟು ಆಳವಾಗಿರುವುದು ಆಕಸ್ಮಿಕವೆಂದು ತೋರುವುದಿಲ್ಲ.

ಆ ನೆಲದ ಸಾಹಿತ್ಯಕ್ಕೆ ಎರಡು ದಾರಿಗಳಿವೆ. ಗೋಕಾಕ ತಾಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರು ವಾಸ್ತವದ ದಾರಿಯನ್ನು ಹಿಡಿದು, ‘ಜರತಾರಿ ಜಗದ್ಗುರು’ವಿನಂಥ ಕಾದಂಬರಿಯಲ್ಲಿ ಧರ್ಮಸಂಸ್ಥೆಯ ಕಪಟವನ್ನು ನೇರವಾಗಿ ಬಯಲಿಗೆಳೆದರು. ಇನ್ನೊಂದು ದಾರಿ ಆಟದ ದಾರಿ. ಮೊದಲು ಗೋಕಾಕದಲ್ಲಿ ಸೇರಿದ್ದು ಈಚೆಗೆ ಬೇರೆ ತಾಲೂಕಾದ ಮೂಡಲಗಿಯ ಸೀಮೆಯೂ ಗೋಕಾಕದ ಸೀಮೆಯೂ ಶ್ರೀಕೃಷ್ಣ ಪಾರಿಜಾತದ ನೆಲ; ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಇವರ ಹೆಸರುಗಳನ್ನು ಬಿಟ್ಟು ಆ ಆಟದ ಚರಿತ್ರೆಯನ್ನು ಹೇಳಲಾಗದು. ಪಾರಿಜಾತದ ಕಥೆಯ ಬೀಜವಾದರೂ ಏನು? ದೇವಲೋಕದ ಒಂದು ಹೂವು ದಾನವಾಗಿ ಮನೆಗೆ ಬರುತ್ತದೆ. ಬಂದೊಡನೆ ಅದು ಯಾರದು ಎಂಬ ಕಲಹ ಹುಟ್ಟುತ್ತದೆ. ಇರುಳೆಲ್ಲ ಜನ ನಕ್ಕು ನೋಡುವ ಆ ಆಟದೊಳಗೆ ಹುದುಗಿರುವ ಪ್ರಶ್ನೆಯೇ ‘ಶಿಖರ ಸೂರ್ಯ’ದಲ್ಲಿ ಘೋರರೂಪವನ್ನು ತಾಳಿ ಮರಳಿ ಬರುತ್ತದೆ. ಮೇಲಿನಿಂದ ಬಂದದ್ದು ಯಾರ ಸ್ವತ್ತು?

ತಡವಾಗಿ ಬಂದ ಸಂಪುಟವನ್ನು ಓದುವ ಬಗೆ

ಒಂದು ಕಥಾಮಾಲೆಯ ತಡವಾದ ಸಂಪುಟವು ಕಥೆಯನ್ನು ಮುಂದಕ್ಕೆ ಒಯ್ಯುವಷ್ಟೇ ಹಿಂದಕ್ಕೂ ಬೆಳಕು ಚೆಲ್ಲುತ್ತದೆ. ಸತ್ಯವೇದವನ್ನು ಓದುವವರಿಗೆ ಇದು ಹೊಸತಲ್ಲ. ಪೂರ್ವಕಾಲವೃತ್ತಾಂತದ ಲೇಖಕನು ಸಮುವೇಲ ಮತ್ತು ಅರಸುಗಳ ಗ್ರಂಥಗಳಲ್ಲಿ ಆಗಲೇ ಹೇಳಿದ್ದ ಚರಿತ್ರೆಯನ್ನು ಮತ್ತೆ ಹೇಳುತ್ತಾನೆ. ದಾವೀದನು ಜನಗಣತಿ ಮಾಡಿಸಿದ್ದಕ್ಕೆ ಪ್ರೇರಣೆ ಎಲ್ಲಿಂದ ಬಂತೆಂಬುದನ್ನು ಎರಡನೆಯ ಸಮುವೇಲ 24ನೆಯ ಅಧ್ಯಾಯ ಒಂದು ರೀತಿ ಹೇಳಿದರೆ, ಮೊದಲನೆಯ ಪೂರ್ವಕಾಲವೃತ್ತಾಂತ 21ನೆಯ ಅಧ್ಯಾಯ ಬೇರೊಂದು ರೀತಿ ಹೇಳುತ್ತದೆ. ಎರಡನ್ನೂ ಓದಿದವನು ಮೊದಲಿನ ಗ್ರಂಥವನ್ನು ಮೊದಲಿನಂತೆಯೇ ಓದಲಾರ. ಯೋಹಾನನ ಸುವಾರ್ತೆಯು ಆದಿಯಿಂದ ಆರಂಭವಾಗುವುದರಿಂದಲೇ ನಾವು ಆದಿಕಾಂಡದ ಮೊದಲ ಪುಟಕ್ಕೆ ಹಿಂದಿರುಗಿ ಅಲ್ಲಿ ವಾಕ್ಯವನ್ನು ಕಾಣುತ್ತೇವೆ.

ಇದೇ ಮಾತನ್ನು ಕ್ರೈಸ್ತ ಓದುಗರಿಗೆ ಚಿರಪರಿಚಿತವಾದ ಇನ್ನೊಂದು ಕಥಾಮಾಲೆಯಿಂದ ತೋರಿಸಬಹುದು. ಸಿ. ಎಸ್. ಲೂಯಿಸರ ನಾರ್ನಿಯಾ ಕಥೆಗಳ ಏಳು ಸಂಪುಟಗಳು 1950ರಿಂದ 1956ರವರೆಗೆ ಪ್ರಕಟವಾದವು. 1955ರಲ್ಲಿ ಆರನೆಯದಾಗಿ ಬಂದ ‘ದಿ ಮೆಜಿಶಿಯನ್ಸ್ ನೆಫ್ಯೂ’ ನಾರ್ನಿಯಾದ ಸೃಷ್ಟಿಯನ್ನು ಹೇಳುತ್ತದೆ. ಆ ಹೊಸ ಲೋಕದೊಳಗೆ ಕೇಡು ಕಾಲಿಟ್ಟದ್ದು ಹೇಗೆಂಬುದು ಆಗ ತಿಳಿಯುತ್ತದೆ: ಡಿಗೊರಿ ಎಂಬ ಹುಡುಗನು ಕುತೂಹಲವನ್ನು ತಡೆಯಲಾರದೆ ಪಾಳುಬಿದ್ದ ಬೇರೊಂದು ಲೋಕದಲ್ಲಿ ಗಂಟೆ ಬಾರಿಸಿ ಮಾಟಗಾತಿಯನ್ನು ಎಬ್ಬಿಸುತ್ತಾನೆ; ಅವನ ಮೂಲಕವೇ ಅವಳು ನಾರ್ನಿಯಾಕ್ಕೆ ಬರುತ್ತಾಳೆ. ಮೊದಲಿನ ಸಂಪುಟಗಳಲ್ಲಿ ಅವಳನ್ನು ಹೊರಗಿನ ಶತ್ರುವೆಂದು ತಿಳಿದ ಓದುಗನು, ಕತೆಯ ನಾಯಕನೇ ಅವಳನ್ನು ಕರೆತಂದನೆಂದು ಈಗ ಒಪ್ಪಿಕೊಳ್ಳಬೇಕಾಗುತ್ತದೆ.

ಶಿವಾಪುರದ ಮಾಲೆಯಲ್ಲಿಯೂ ಅಂಥದೇ ತಿರುವು ಇದೆ. ‘ಕರಿಮಾಯಿ’ಯಲ್ಲಿ ಆಪತ್ತು ಬರುವುದು ಪಟ್ಟಣದ ದಾರಿಯಿಂದ. ಬೆಳಗಾವಿಯಲ್ಲಿ ಓದಿಬಂದ ಗುಡಸೀಕರನ ಜೊತೆಗೆ ಹೊಸ ಕಾಲದ ಹಣ, ರಾಜಕಾರಣ, ಆಸೆಗಳು ಊರೊಳಗೆ ನುಗ್ಗುತ್ತವೆ. ಅಲುಗುವುದು ದೇವಿಯ ಸುತ್ತ ಹೆಣೆದುಕೊಂಡಿದ್ದ ಬಾಳು. ಅಲ್ಲಿ ಕೇಡಿನ ದಿಕ್ಕು ಹೊರಗಿನಿಂದ ಒಳಕ್ಕೆ. ‘ಶಿಖರ ಸೂರ್ಯ’ದಲ್ಲಿ ದಿಕ್ಕು ಬದಲಾಗುತ್ತದೆ. ಇಲ್ಲಿ ಕೇಡು ಹಟ್ಟಿ, ಅಡವಿ, ಬೆಟ್ಟಗಳ ಲೋಕದಿಂದ ಹೊರಟು ಪಟ್ಟಣದ ಕಡೆಗೆ ನಡೆಯುತ್ತದೆ. ಚಿನ್ನಮುತ್ತನೆಂಬವನು ಗಿಡಮೂಲಿಕೆಯ ವಿದ್ಯೆಯೊಡನೆ ಕನಕಪುರಿಯನ್ನು ಸೇರುತ್ತಾನೆ, ಜಯಸೂರ್ಯನೆನಿಸಿಕೊಳ್ಳುತ್ತಾನೆ, ಶಿಖರಸೂರ್ಯನಾಗಿ ಅಧಿಕಾರದ ತುದಿಯನ್ನು ಮುಟ್ಟುತ್ತಾನೆ. ಪಟ್ಟಣವನ್ನು ನುಂಗುವವನು ಆ ಹಟ್ಟಿಯ ಲೋಕದಿಂದಲೇ ಬಂದ ಮದ್ದು ಬಲ್ಲವನು.

ಈ ಸಂಪುಟವನ್ನು ಮುಗಿಸಿದ ಮೇಲೆ ‘ಕರಿಮಾಯಿ’ಗೆ ಹಿಂದಿರುಗಿದರೆ ಗುಡಸೀಕರನೂ ಬೇರೆಯಾಗಿ ಕಾಣುತ್ತಾನೆ. ಅವನೂ ಶಿವಾಪುರದ ಮಗನೇ ಅಲ್ಲವೇ? ಪಟ್ಟಣವು ಅವನಿಗೆ ಸಾಧನಗಳನ್ನು ಕೊಟ್ಟಿತು. ಆಸೆಯ ಬೀಜ ಮಾತ್ರ ಮೊದಲೇ ಇತ್ತೆಂದು ತೋರುತ್ತದೆ. ಶಿವಾಪುರವು ಏದೆನ್ ತೋಟವೆಂದೂ ಸರ್ಪವು ಬೇಲಿಯ ಹೊರಗಿನಿಂದ ಬಂದಿತೆಂದೂ ನಂಬಿಕೊಂಡಿದ್ದ ಓದುಗರನ್ನು ಈ ತಡವಾದ ಸಂಪುಟವು ಎಚ್ಚರಿಸುತ್ತದೆ. ಆದಿಕಾಂಡದಲ್ಲಿಯೂ ಸರ್ಪವನ್ನು ಬೇರೆ ದೇಶದಿಂದ ಬಂದ ಪ್ರಾಣಿಯೆಂದು ಹೇಳಿಲ್ಲ. ಅದು ದೇವರು ಉಂಟುಮಾಡಿದ ಭೂಜಂತುಗಳಲ್ಲಿ ಒಂದು (ಆದಿಕಾಂಡ 3:1).

ಉಚಿತವಾಗಿ ಹೊಂದಿದ್ದು

ಚಿನ್ನಮುತ್ತನ ಬಳಿ ಇರುವ ಬಲ ಖಡ್ಗದ್ದಲ್ಲ. ಇದು ಕಾದಂಬರಿಯ ಅತ್ಯಂತ ಸೂಕ್ಷ್ಮವಾದ ಅಂಶವೆಂದು ನಮಗೆ ತೋರುತ್ತದೆ. ದುಷ್ಟನೊಬ್ಬನು ಬಲಾತ್ಕಾರದಿಂದ ರಾಜ್ಯವನ್ನು ಗೆದ್ದ ಕಥೆಯಾಗಿದ್ದರೆ ಅದು ಹಳೆಯ ಕಥೆಯಾಗುತ್ತಿತ್ತು. ಇವನು ಗುಣಪಡಿಸಬಲ್ಲವನು. ರೋಗಿಗೆ ಅವನು ಬೇಕು, ಅರಮನೆಗೆ ಅವನು ಬೇಕು. ವೈದ್ಯನಿಗೆ ಮಾತ್ರ ತೆರೆಯುವ ಬಾಗಿಲುಗಳಿವೆ. ಸೇನಾಪತಿಯು ನಿಲ್ಲಬೇಕಾದ ಹೊಸ್ತಿಲನ್ನು ವೈದ್ಯನು ದಾಟಿ ಹೋಗುತ್ತಾನೆ. ಮಲಗಿದವನ ಮೇಲೆ ಎದ್ದುನಿಂತವನಿಗೆ ಇರುವ ಅಧಿಕಾರ, ನೋವಿನಲ್ಲಿರುವವನ ನಂಬಿಕೆಯ ಮೇಲೆ ಮದ್ದು ಹಿಡಿದವನಿಗೆ ಇರುವ ಹಿಡಿತ ಇವು ಎಷ್ಟು ಮೃದುವಾಗಿ ಕೆಲಸ ಮಾಡುತ್ತವೆಯೋ ಅಷ್ಟೇ ಪೂರ್ಣವಾಗಿ ಕೆಲಸ ಮಾಡುತ್ತವೆ.

ಇಲ್ಲಿ ನಮಗೆ ನೆನಪಾಗುವವನು ಗೇಹಜಿ (ಎರಡನೆಯ ಅರಸುಗಳು 5). ಅರಾಮ್ಯರ ಸೇನಾಪತಿ ನಾಮಾನನು ಹತ್ತು ತಲಾಂತು ಬೆಳ್ಳಿ, ಆರು ಸಾವಿರ ತೂಕ ಬಂಗಾರ, ಹತ್ತು ಉಡುಪುಗಳನ್ನು ತೆಗೆದುಕೊಂಡು ಬರುತ್ತಾನೆ. ಯೊರ್ದನಿನಲ್ಲಿ ಮುಳುಗಿ ಶುದ್ಧನಾದ ಮೇಲೆ ಕಾಣಿಕೆ ಕೊಡಲು ಬಂದಾಗ ಎಲೀಷನು ಏನನ್ನೂ ಮುಟ್ಟುವುದಿಲ್ಲ. ಆ ನಿರಾಕರಣೆಯೇ ಗುಣವಾದುದರ ಅರ್ಥವನ್ನು ಕಾಯುತ್ತದೆ: ನಾಮಾನನು ಪಡೆದದ್ದು ಇಸ್ರಾಯೇಲಿನ ದೇವರ ಕೃಪೆಯೇ ಹೊರತು ಒಬ್ಬ ಪ್ರವಾದಿಯ ಸೇವೆಯ ಪ್ರತಿಫಲವಲ್ಲ. ಗೇಹಜಿಯು ಹಿಂದೆ ಓಡಿಹೋಗಿ ಸುಳ್ಳು ಹೇಳಿ ಎರಡು ತಲಾಂತು ಬೆಳ್ಳಿಯನ್ನೂ ಎರಡು ಉಡುಪುಗಳನ್ನೂ ಪಡೆದಾಗ ಕದ್ದದ್ದು ಬೆಳ್ಳಿಯನ್ನಷ್ಟೇ ಅಲ್ಲ. ಕೃಪೆಗೆ ಬೆಲೆಚೀಟಿ ಅಂಟಿಸಿದನು. ನಾಮಾನನ ಕುಷ್ಠವು ಅವನನ್ನು ಹಿಡಿದದ್ದು ಕ್ರೂರವೆಂದು ತೋರಬಹುದು. ಆದರೆ ಕಥೆಯ ತರ್ಕ ಸ್ಪಷ್ಟವಾಗಿದೆ. ಗುಣಪಡಿಸುವುದನ್ನು ಮಾರುವವನು ರೋಗವನ್ನು ಕೊಳ್ಳುತ್ತಾನೆ.

ಗೇಹಜಿಯು ಹೊರಗಿನವನಲ್ಲ ಎಂಬುದನ್ನು ಗಮನಿಸಬೇಕು. ಅವನು ದೇವರ ಮನುಷ್ಯನ ಮನೆಯಲ್ಲಿ ಬೆಳೆದ ಸೇವಕ. ಸಮಾರ್ಯದ ಸೀಮೋನನು ಪವಿತ್ರಾತ್ಮದ ವರವನ್ನು ಹಣಕ್ಕೆ ಕೇಳಿದಾಗ (ಅಪೊಸ್ತಲರ ಕೃತ್ಯಗಳು 8) ಅವನೂ ಆಗಲೇ ದೀಕ್ಷಾಸ್ನಾನ ಹೊಂದಿದ್ದನು. ಯೇಸುಸ್ವಾಮಿಯು ಹನ್ನೆರಡು ಮಂದಿಯನ್ನು ಕಳುಹಿಸುವಾಗ ರೋಗಿಗಳನ್ನು ಗುಣಪಡಿಸುವ ಆಜ್ಞೆಯ ಬೆನ್ನಿಗೇ, ಉಚಿತವಾಗಿ ಹೊಂದಿದ್ದನ್ನು ಉಚಿತವಾಗಿ ಕೊಡಬೇಕೆಂಬ ಆಜ್ಞೆಯನ್ನೂ ಇಟ್ಟದ್ದು (ಮತ್ತಾಯ 10:8) ಇದರಿಂದಲೇ ಅರ್ಥವಾಗುತ್ತದೆ. ಆ ಎರಡು ಆಜ್ಞೆಗಳನ್ನು ಬೇರ್ಪಡಿಸಿದರೆ ಮೊದಲನೆಯದು ಉಳಿಯುವುದಿಲ್ಲ. ಅದು ವ್ಯಾಪಾರವಾಗುತ್ತದೆ, ಇಲ್ಲವೆ ಆಳ್ವಿಕೆಯಾಗುತ್ತದೆ. ‘ಶಿಖರ ಸೂರ್ಯ’ವು ಸುವಾರ್ತೆಯನ್ನು ಹೆಸರಿಸದೆಯೇ ಈ ಬೇರ್ಪಡುವಿಕೆಯ ಪೂರ್ಣ ಚಿತ್ರವನ್ನು ನಮ್ಮ ಮುಂದೆ ಬಿಡಿಸುತ್ತದೆ.

ಲೂಯಿಸರ ಕಥೆಯಲ್ಲಿ ಇದರ ಇನ್ನೊಂದು ಮಗ್ಗುಲಿದೆ. ಡಿಗೊರಿಯ ತಾಯಿ ಮರಣಶಯ್ಯೆಯಲ್ಲಿದ್ದಾಳೆ. ಅವಳನ್ನು ಉಳಿಸಬಲ್ಲ ಸೇಬು ಅವನ ಕೈಯಲ್ಲಿದೆ. ಅದನ್ನು ಕದ್ದೊಯ್ಯೆಂದು ಮಾಟಗಾತಿ ಪುಸಲಾಯಿಸುತ್ತಾಳೆ. ಅವನು ಕಣ್ಣೀರಿನಿಂದ ನಿರಾಕರಿಸಿ ಹಣ್ಣನ್ನು ಆಸ್ಲಾನನಿಗೆ ಒಪ್ಪಿಸುತ್ತಾನೆ. ಆ ಹಣ್ಣಿನಿಂದ ಬೆಳೆದ ಮರದ ಫಲವನ್ನು ಆಸ್ಲಾನನೇ ಅವನಿಗೆ ಕೊಡುತ್ತಾನೆ, ತಾಯಿ ಬದುಕುತ್ತಾಳೆ. ಕದ್ದ ಹಣ್ಣಿಗೂ ಕೊಟ್ಟ ಹಣ್ಣಿಗೂ ಗುಣದಲ್ಲಿ ಭೇದವಿಲ್ಲ, ಫಲದಲ್ಲಿ ಭೇದವಿದೆ. ಚಿನ್ನಮುತ್ತನ ಮೂಲಿಕೆಯ ಕಥೆಯೂ ಇದೇ. ಬೇರು ಅದೇ, ಎಲೆ ಅದೇ. ಕೈ ಮಾತ್ರ ಬೇರೆಯಾಗಿದೆ.

ಶಿಖರವೂ ಸೂರ್ಯನೂ

ಕಂಬಾರರು ಹೆಸರುಗಳನ್ನು ಸುಮ್ಮನೆ ಇಡುವವರಲ್ಲ. ‘ಚಕೋರಿ’ಯ ಚಂದಮುತ್ತನ ಹೆಸರಿನಲ್ಲಿ ಚಂದವಿದೆ, ಅಂದರೆ ಚೆಲುವು. ‘ಶಿಖರ ಸೂರ್ಯ’ದವನ ಹೆಸರಿನಲ್ಲಿ ಚಿನ್ನವಿದೆ. ಎರಡು ಹೆಸರುಗಳ ನಡುವೆ ಒಂದು ಅಕ್ಷರದ ಸ್ವರವೂ ಒಂದು ವ್ಯಂಜನವೂ ಬದಲಾದರೆ ಸಾಕು, ಲೋಕವೇ ಬದಲಾಗುತ್ತದೆ. ‘ಚಕೋರಿ’ಯು ಬೆಳದಿಂಗಳ ಕಾವ್ಯ; ಚಕೋರ ಪಕ್ಷಿಯು ಬೆಳದಿಂಗಳಿಗಾಗಿ ಕಾಯುತ್ತದೆಯೇ ಹೊರತು ಅದನ್ನು ಕೂಡಿಡಲಾರದು. ಚಂದ್ರನ ಬೆಳಕಾದರೂ ಅವನದಲ್ಲ, ಪಡೆದದ್ದು. ಆ ಕಾವ್ಯದ ಬೆನ್ನಿಗೆ ಬರುವ ಕಾದಂಬರಿಯ ಹೆಸರು ಸೂರ್ಯನದಾಗಿರುವುದು ಅರ್ಥಪೂರ್ಣ. ಇವನು ತನ್ನ ಬೆಳಕಿಗೆ ತಾನೇ ಮೂಲವೆಂದು ತಿಳಿದವನು. ಸಾಲದ್ದಕ್ಕೆ ಶಿಖರದ ಮೇಲೆ ನಿಲ್ಲಬೇಕೆಂದವನು. ಹೆಸರು ಏರಿದಂತೆ ಅವನು ಒಬ್ಬಂಟಿಯಾಗುತ್ತಾನೆ, ಏಕೆಂದರೆ ಶಿಖರದಲ್ಲಿ ಇಬ್ಬರಿಗೆ ಸ್ಥಳವಿರುವುದಿಲ್ಲ.

ಶಿಖರ ಮತ್ತು ಜ್ಯೋತಿ ಎಂಬ ಈ ಜೋಡಿಯನ್ನು ಪ್ರವಾದಿಗಳೂ ಬಲ್ಲರು. ಯೆಶಾಯ 14ರಲ್ಲಿ ಬಾಬೆಲಿನ ಅರಸನನ್ನು ಕುರಿತ ಶೋಕಗೀತೆಯು ಬೆಳಗಿನ ನಕ್ಷತ್ರವೊಂದು ಉನ್ನತ ಪರ್ವತದ ಮೇಲೆ ಸಿಂಹಾಸನ ಹಾಕಿಕೊಳ್ಳಲು ಬಯಸಿ ಪಾತಾಳಕ್ಕೆ ದೊಬ್ಬಲ್ಪಟ್ಟ ಚಿತ್ರವನ್ನು ಕೊಡುತ್ತದೆ. ಶಿಖರಸೂರ್ಯನ ಏಳುಬೀಳು ಅದೇ ಆಕಾರದ್ದು. ಮಲಾಕಿ 4:2ರಲ್ಲಿ ಇನ್ನೊಬ್ಬ ಸೂರ್ಯನ ವಾಗ್ದಾನವಿದೆ: ಧರ್ಮದ ಸೂರ್ಯನಾದ ಆತನ ಕಿರಣಗಳಲ್ಲಿ ಸ್ವಸ್ಥತೆ ಇರುವುದು. ಸೂರ್ಯ ಮತ್ತು ಸ್ವಸ್ಥತೆ ಎರಡೂ ಸೇರಿದ ಈ ಪ್ರವಾದನೆಯನ್ನು ‘ಶಿಖರ ಸೂರ್ಯ’ದ ಪಕ್ಕದಲ್ಲಿಟ್ಟು ಓದಿದರೆ ಕಾದಂಬರಿಯ ನಾಯಕನು ನಿಜವಾದ ಸೂರ್ಯನ ವಿಕೃತ ಪ್ರತಿಬಿಂಬವೆಂದು ಕಾಣುತ್ತಾನೆ. ಒಬ್ಬನು ಗುಣಪಡಿಸುತ್ತ ಉದಯಿಸುತ್ತಾನೆ. ಇನ್ನೊಬ್ಬನು ಉದಯಿಸಲೆಂದು ಗುಣಪಡಿಸುತ್ತಾನೆ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಕ್ರಿಸ್ತನ ದಾರಿ ಇಳಿಯುವ ದಾರಿ: ದೇವರಿಗೆ ಸಮನಾಗಿರುವುದನ್ನು ಹಿಡಿದುಕೊಳ್ಳದೆ ತನ್ನನ್ನು ಬರಿದು ಮಾಡಿಕೊಂಡವನೇ ಎಲ್ಲರಿಗಿಂತ ಮೇಲಕ್ಕೆ ಏರಿಸಲ್ಪಟ್ಟನು.

ಇದು ಸಭೆಗೆ ದೂರದ ಮಾತಲ್ಲ. ಲಂಡನ್ ಮಿಷನ್ ಬೆಳಗಾವಿಯಲ್ಲಿ ಕೆಲಸವನ್ನು ಆರಂಭಿಸಿದ್ದು 1820ರಲ್ಲಿ. ಆ ಸೀಮೆಯ ಜನರು ತಲೆಮಾರುಗಳಿಂದ ದೊಡ್ಡ ರೋಗಗಳಿಗೆ ರೈಲಿನಲ್ಲಿ ಮಿರಜಕ್ಕೆ ಹೋದವರು, ಅಲ್ಲಿ ಡಾ. ವಿಲಿಯಂ ವಾನ್ಲೆಸರ ಮಿಷನ್ ಆಸ್ಪತ್ರೆ 1894ರಿಂದ ಇತ್ತು. ಗದಗ-ಬೆಟಗೇರಿಯ ಬಾಸೆಲ್ ಮಿಷನ್ ಆಸ್ಪತ್ರೆಯೂ ಅಂಥದೇ ಹೆಸರು. ಊರ ಜನ ಕ್ರೈಸ್ತರ ಪ್ರಸಂ‌ಗವನ್ನು ಕೇಳುವ ಮೊದಲೇ ಕ್ರೈಸ್ತರ ಮದ್ದನ್ನು ಕುಡಿದಿದ್ದರು. ಘಟಪ್ರಭೆಯಲ್ಲಿ ಬೇರೆ ಸಮಾಜದವರು ಆರೋಗ್ಯಧಾಮವನ್ನೂ ಸಹಕಾರಿ ತತ್ತ್ವದ ಆಸ್ಪತ್ರೆಯನ್ನೂ ಕಟ್ಟಿದರು. ಗುಣಪಡಿಸುವ ವಿದ್ಯೆಯು ಒಬ್ಬನ ಗುಟ್ಟಾಗದೆ ಹಲವರು ಪಾಲುದಾರರಾದ ಸೊತ್ತಾಗಬಹುದೆಂಬುದಕ್ಕೆ ಅದೂ ಒಂದು ಸಾಕ್ಷಿ. ಅಂಥ ಸಾಕ್ಷಿಯನ್ನು ಸಭೆಯು ಕೃತಜ್ಞತೆಯಿಂದ ಗುರುತಿಸಬೇಕು. ಇನ್ನೊಂದು ಕಡೆ, ನಮ್ಮ ನಡುವೆಯೇ ಪ್ರಾರ್ಥನೆಯಿಂದ ರೋಗ ಗುಣಪಡಿಸುವುದಾಗಿ ಹೇಳಿ ತನ್ನ ಹೆಸರನ್ನು ಯೇಸುವಿನ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ ಗೋಡೆಗಳ ಮೇಲೆ ಬರೆಯಿಸುವ ಸೇವಕನನ್ನು ಕಾಣದವರು ಯಾರು? ಕಾಣಿಕೆಯ ಗಾತ್ರಕ್ಕೆ ತಕ್ಕಂತೆ ಪ್ರಾರ್ಥನೆಯ ಉದ್ದವನ್ನು ಅಳೆಯುವಾಗ ಗೇಹಜಿಯು ಮತ್ತೆ ಓಡುತ್ತಿರುತ್ತಾನೆ. ಮೋಶೆಯು ಎತ್ತಿನಿಲ್ಲಿಸಿದ ತಾಮ್ರದ ಸರ್ಪವು ಒಮ್ಮೆ ಜನರನ್ನು ಬದುಕಿಸಿತು. ಅದಕ್ಕೇ ಧೂಪ ಹಾಕತೊಡಗಿದಾಗ ಹಿಜ್ಕೀಯನು ಅದನ್ನು ಚೂರುಚೂರು ಮಾಡಬೇಕಾಯಿತು (ಎರಡನೆಯ ಅರಸುಗಳು 18:4).

ಶಿವಾಪುರಕ್ಕೆ ಹಿಂದಿರುಗಬಹುದೇ?

ಇಲ್ಲಿಯವರೆಗೆ ನಾವು ಕೃತಿಯ ಶಿಷ್ಯರಾಗಿ ಮಾತಾಡಿದೆವು. ಈಗ ಭಿನ್ನಾಭಿಪ್ರಾಯವನ್ನು ಹೇಳಬೇಕು.

ಕಾದಂಬರಿಯು ಎರಡು ಊರುಗಳನ್ನು ಎದುರುಬದುರು ನಿಲ್ಲಿಸುತ್ತದೆ. ಶಿವಾಪುರದಲ್ಲಿ ಬೇಸಾಯ, ಹಾಡು, ತಾಯಿಯ ಬೆಟ್ಟ. ಕನಕಪುರಿಯಲ್ಲಿ ಹೆಸರೇ ಹೇಳುವಂತೆ ಬಂಗಾರ, ವ್ಯಾಪಾರ, ಆಳ್ವಿಕೆ. ಜಾಗತೀಕರಣದ ಕಾಲದಲ್ಲಿ ಬರೆದ ಈ ಕೃತಿಯ ಒಲವು ಶಿವಾಪುರದ ಕಡೆಗಿದೆ. ಆ ಒಲವಿನ ಹಿಂದಿರುವ ನೋವನ್ನು ನಾವು ಗೌರವಿಸುತ್ತೇವೆ. ಎಲ್ಲವನ್ನೂ ಬೆಲೆಗೆ ಇಳಿಸುವ ಪಟ್ಟಣವನ್ನು ಪ್ರವಾದಿಗಳೂ ಖಂಡಿಸಿದ್ದಾರೆ. ಯೆಹೆಜ್ಕೇಲನು ತೂರ್ ಪಟ್ಟಣದ ಸರಕುಗಳ ಪಟ್ಟಿಯನ್ನು ಕೊಟ್ಟದ್ದೂ, ಪ್ರಕಟನೆ 18ರಲ್ಲಿ ಬಾಬೆಲಿನ ವರ್ತಕರು ಗೋಳಾಡುವುದೂ ಅದಕ್ಕಾಗಿಯೇ. ಬಾಬೆಲಿನ ಸರಕುಗಳ ಪಟ್ಟಿ ಬಂಗಾರದಿಂದ ಆರಂಭವಾಗಿ ಮನುಷ್ಯರ ಪ್ರಾಣಗಳಲ್ಲಿ ಮುಗಿಯುತ್ತದೆ ಎಂಬುದನ್ನು ಕನಕಪುರಿಯ ಓದುಗರು ಮರೆಯಲಾರರು.

ಆದರೂ ಶಿವಾಪುರವೇ ಗತಿಯೆಂದು ಹೇಳುವಾಗ ಒಂದು ಪ್ರಶ್ನೆ ಎದುರಾಗುತ್ತದೆ: ಆ ಊರಿನಲ್ಲಿ ಕೇರಿ ಎಲ್ಲಿದೆ? 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ಭಾರತದ ಹಳ್ಳಿಯನ್ನು ಆದರ್ಶವೆಂದು ಕೊಂಡಾಡುವುದನ್ನು ಕಟುವಾಗಿ ನಿರಾಕರಿಸಿದರು. ಉತ್ತರ ಕರ್ನಾಟಕದ ಸಭೆಗಳಲ್ಲಿ ಕುಳಿತಿರುವ ಬಹುಮಂದಿಯ ಅಜ್ಜ-ಅಜ್ಜಿಯರು ಊರ ಹೊರಗಿನ ಕೇರಿಯಿಂದಲೇ ಬಂದವರು. ದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುತ್ತಿದ್ದ ಸಂಪ್ರದಾಯದ ಗಾಯ ಅವರಿಗೆ ಕೇಳಿ ತಿಳಿದದ್ದಲ್ಲ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲರು ಮಾಡಿದ ಭಾಷಣದಿಂದ ಮುಂದೆ ದಲಿತ ದೈವಶಾಸ್ತ್ರವು ಬೆಳೆದು ಬಂದಾಗ ಅದು ಕೇಳಿದ್ದು ಇದನ್ನೇ: ಯಾರ ನೆನಪಿನಿಂದ ನಾವು ಪರದೈಸನ್ನು ಚಿತ್ರಿಸುತ್ತಿದ್ದೇವೆ? ಅಂಥವರಿಗೆ ಪಟ್ಟಣವೆಂದರೆ ಬರೀ ಕನಕಪುರಿಯಲ್ಲ. ಗೋಕಾಕ ಫಾಲ್ಸಿನ ಗಿರಣಿಯ ಸಂಬಳವು ಗೌಡನ ಹೊಲದ ಕಾಳಿಗಿಂತ ಹೆಚ್ಚಿನ ಮಾನವನ್ನು ತಂದಿರಬಹುದು. ಹುಕ್ಕೇರಿಯ ಕೆಲವರಿಗೆ ಹಿಂದಿರುಗಲು ಊರೇ ಇಲ್ಲ. ಅದು ಹಿಡಕಲ್ ಜಲಾಶಯದ ನೀರಿನಡಿಯಲ್ಲಿದೆ. ಮೂಡಲಗಿಯ ಕಬ್ಬಿನ ಹೊಲಗಳು ಸಕ್ಕರೆ ಕಾರ್ಖಾನೆಗೆ ದುಡಿಯುತ್ತಿರುವಾಗ ಹಳ್ಳಿ ಎಲ್ಲಿ ಮುಗಿಯಿತು, ಪಟ್ಟಣ ಎಲ್ಲಿ ಆರಂಭವಾಯಿತೆಂದು ಗೆರೆ ಎಳೆಯುವುದು ಕಷ್ಟ.

ಕಾದಂಬರಿಯೇ ನಮಗೆ ಇಲ್ಲಿ ಸಹಾಯಕ್ಕೆ ಬರುತ್ತದೆಂಬುದು ಅದರ ದೊಡ್ಡತನ. ಕೇಡಿನ ಬೇರು ಹಟ್ಟಿಯ ಲೋಕದಲ್ಲೇ ಇತ್ತೆಂದು ತೋರಿಸಿದ ಮೇಲೆ, ಆ ಲೋಕಕ್ಕೆ ಹಿಂದಿರುಗಿದರೆ ಸಾಕು ಎಂದು ನಂಬಿಸುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ. ಅದರ ಒಲವು ಹಿಂದಕ್ಕೆ ಎಳೆಯುತ್ತದೆ. ಅದರ ಕಾಣ್ಕೆ ಹಿಂದಕ್ಕೆ ಹೋಗಗೊಡುವುದಿಲ್ಲ. ಈ ಸೆಳೆತವು ಕೃತಿಯೊಳಗೆ ಪರಿಹಾರವಾಗಿದೆಯೆಂದು ನಮಗೆ ತೋರುವುದಿಲ್ಲ. ಪರಿಹಾರವಾಗದೆ ಉಳಿದದ್ದರಿಂದಲೇ ಓದು ಮುಗಿದ ಮೇಲೂ ಕೃತಿ ನಮ್ಮನ್ನು ಬಿಡುವುದಿಲ್ಲ.

ಸತ್ಯವೇದದ ಕಥೆಯು ತೋಟದಲ್ಲಿ ಆರಂಭವಾಗುತ್ತದೆ, ಪಟ್ಟಣದಲ್ಲಿ ಮುಗಿಯುತ್ತದೆ. ಮೊದಲ ಪಟ್ಟಣವನ್ನು ಕಟ್ಟಿದವನು ಕೊಲೆಗಾರನಾದ ಕಾಯಿನನಾಗಿದ್ದರೂ (ಆದಿಕಾಂಡ 4:17) ದೇವರು ಪಟ್ಟಣವನ್ನು ತಳ್ಳಿಬಿಡದೆ ವಿಮೋಚಿಸುತ್ತಾನೆ. ಪ್ರಕಟನೆಯ ಕೊನೆಯ ಎರಡು ಅಧ್ಯಾಯಗಳಲ್ಲಿ ಪರಲೋಕದಿಂದ ಇಳಿದುಬರುವ ಹೊಸ ಯೆರೂಸಲೇಮು ಒಂದು ಕನಕಪುರಿಯೇ ಸರಿ. ಅಲ್ಲಿ ಬಂಗಾರವಿದೆ, ಆದರೆ ಅದು ಬೀದಿಯಾಗಿದೆ. ಯಾರ ಕಿರೀಟಕ್ಕೂ ಏರದೆ ಎಲ್ಲರ ಕಾಲಡಿಯಲ್ಲಿದೆ. ಬಾಗಿಲುಗಳಿವೆ, ಆದರೆ ಅವು ಮುಚ್ಚುವುದಿಲ್ಲ. ಆ ಪಟ್ಟಣಕ್ಕೆ ಸೂರ್ಯನು ಬೇಕಿಲ್ಲ, ಶಿಖರಸೂರ್ಯನಂತೂ ಬೇಡವೇ ಬೇಡ. ದೇವರ ಪ್ರಭಾವವೇ ಅದರ ಬೆಳಕು, ಕುರಿಮರಿಯೇ ಅದರ ದೀಪ. ಮತ್ತು ಪಟ್ಟಣದ ನಡುವೆಯೇ ತೋಟದ ಮರ ಬೆಳೆದಿದೆ. ನದಿಯ ಎರಡೂ ದಡಗಳಲ್ಲಿರುವ ಆ ಜೀವವೃಕ್ಷದ ಎಲೆಗಳು ಜನಾಂಗಗಳ ವಾಸಿಗಾಗಿ ಇವೆ (ಪ್ರಕಟನೆ 22:2).

ಎಲೆಗಳು! ಹಟ್ಟಿಯ ವೈದ್ಯನ ಕೈಯಲ್ಲಿದ್ದ ಮದ್ದಿನ ಎಲೆಗಳೇ ಇಲ್ಲಿ ಕೊನೆಯ ಪುಟದಲ್ಲಿ ಮರಳಿ ಬಂದಿವೆ. ಅವು ಯಾರ ಗುಟ್ಟಾಗಿಯೂ ಉಳಿದಿಲ್ಲ, ಯಾವ ಅರಮನೆಯ ಬಾಗಿಲನ್ನೂ ತೆರೆಸುವುದಿಲ್ಲ. ಯಾವ ದಡದಲ್ಲಿ ನಿಂತವನಿಗೂ, ಕೇರಿಯಿಂದ ಬಂದವನಿಗೂ ಊರಿನಿಂದ ಬಂದವನಿಗೂ, ಕೈಗೆಟಕುವಂತಿವೆ. ಶಿವಾಪುರದ ಎಲೆಯೂ ಕನಕಪುರಿಯ ಚಿನ್ನವೂ ಒಂದೇ ಊರಿನಲ್ಲಿ ತಮ್ಮ ತಮ್ಮ ಸರಿಯಾದ ಸ್ಥಳವನ್ನು ಕಂಡುಕೊಂಡಿವೆ. ಎರಡು ಊರುಗಳ ನಡುವೆ ಒಂದನ್ನು ಆರಿಸಿಕೊಳ್ಳಬೇಕೆಂದಾಗ ಕಾದಂಬರಿಯು ತತ್ತರಿಸುವ ಸ್ಥಳದಲ್ಲಿ ಸುವಾರ್ತೆಯು ಇಂಥ ಮೂರನೆಯ ಊರನ್ನು ತೋರಿಸುತ್ತದೆ.

ಸೇವೆಗೆ ಸಿದ್ಧರಾಗುವವರಿಗೆ

ನಮ್ಮ ಸೆಮಿನರಿಗಳಲ್ಲಿ ಕನ್ನಡ ಸಾಹಿತ್ಯವನ್ನು ಪ್ರಸಂಗಕ್ಕೆ ಬೇಕಾದ ಉದಾಹರಣೆಗಳ ಕಣಜವೆಂದು ಬಳಸುವ ರೂಢಿ ಇದೆ. ಅದಕ್ಕಿಂತ ಹೆಚ್ಚಿನ ಮರ್ಯಾದೆ ಅದಕ್ಕೆ ಸಲ್ಲಬೇಕು. ‘ಶಿಖರ ಸೂರ್ಯ’ದಂಥ ಕೃತಿಯನ್ನು ಎರಡನೆಯ ಅರಸುಗಳು 5ನೆಯ ಅಧ್ಯಾಯದ ಜೊತೆಗಿಟ್ಟು ಒಂದು ತರಗತಿಯಲ್ಲಿ ಓದಿದರೆ ಪಾಪದ ಸಿದ್ಧಾಂತವು ಎಷ್ಟು ಹತ್ತಿರದ ಮಾತೆಂದು ವಿದ್ಯಾರ್ಥಿಗಳಿಗೆ ತಿಳಿದೀತು. ಲೋಕವು ಸಭೆಯನ್ನು ಕೆಡಿಸುತ್ತದೆಂದು ಎಚ್ಚರಿಸುವುದು ಸುಲಭ. ಸಭೆಯಲ್ಲಿ ಕಲಿತ ಪ್ರಾರ್ಥನೆ, ಸಭೆಯಲ್ಲಿ ಪಡೆದ ವರ, ಸಭೆಯ ಶಾಲೆ-ಆಸ್ಪತ್ರೆಗಳಲ್ಲಿ ಗಳಿಸಿದ ವಿದ್ಯೆ ಇವೇ ಶಿಖರಕ್ಕೆ ಏಣಿಯಾಗಬಲ್ಲವೆಂದು ಎಚ್ಚರಿಸುವುದು ಕಠಿಣ. ಹಸ್ತನಿಕ್ಷೇಪದ ದಿನ ತಲೆಯ ಮೇಲೆ ಇಡಲಾಗುವ ಕೈಗಳು ಏನನ್ನು ಕೊಡುತ್ತವೆಯೋ ಅದು ಕೊಟ್ಟವರದೂ ಅಲ್ಲ, ಪಡೆದವರದೂ ಅಲ್ಲ.

ಆದುದರಿಂದ ಈ ಕಥಾಮಾಲೆಯನ್ನು ಮೊದಲ ಸಂಪುಟಗಳಿಗೆ ನಿಲ್ಲಿಸದೆ ಕೊನೆಯವರೆಗೂ ಓದಬೇಕೆಂದು ನಾವು ವಿನಂತಿಸುತ್ತೇವೆ. ‘ಕರಿಮಾಯಿ’ಯನ್ನು ಮಾತ್ರ ಓದಿದವನು ಹೊರಗಿನವರನ್ನು ದೂರಲು ಕಲಿತಾನು. ‘ಶಿಖರ ಸೂರ್ಯ’ವನ್ನೂ ಓದಿದವನು, ರೋಗಿಯ ಹಾಸಿಗೆಯ ಬಳಿ ತಾನು ಎದ್ದುನಿಂತಿರುವಾಗ ತನ್ನ ಕೈಯಲ್ಲಿರುವ ಎಲೆ ಯಾರದು ಎಂದು ಕೇಳಿಕೊಳ್ಳಲು ಕಲಿತಾನು.